ಹಲ್ಲು ತೆಗೆಸಿಕೊಂಡವರ ಕೈಗೆ ಕನ್ನಡದ ಚೀಟಿ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದಲ್ಲಿರುವ ನನ್ನ ಅಕ್ಕ ಕಳೆದ ಮಳೆಗಾಲದಲ್ಲಿ ಕೆಳದವಡೆಯ ಬಲಬದಿಯ ಎರಡು ಹಲ್ಲುಗಳನ್ನು ತೆಗೆಸಿಕೊಂಡರು. ಹಲ್ಲುಗಳು ಬುಡದವರೆಗೆ ಹುಳುಕಾಗಿದ್ದುದರಿಂದ ಒಸಡನ್ನು ಸ್ವಲ್ಪ ಕೊಯ್ದು ಬಿಡಿಸಬೇಕಾಯಿತು ಮತ್ತು ಎರಡು ಹೊಲಿಗೆಗಳೂ ಬಿದ್ದವು. ವೈದ್ಯರ ಕೈಗುಣದ ಬಗ್ಗೆ ನನಗೆ ಯಾವ ದೂರೂ ಇಲ್ಲ. ಅರ್ಧ ಗಂಟೆಯೊಳಗೆ ಕೆಲಸ ಮುಗಿದಿತ್ತು, ಅಕ್ಕನಿಗೆ ನೋವೂ ತಿಳಿದಿರಲಿಲ್ಲ. ಹೊರಡುವಾಗ ಮಾತ್ರೆಗಳ ಕವರಿನ ಜೊತೆಗೆ ಒಂದು ಅಚ್ಚಾದ ಚೀಟಿಯನ್ನೂ ಕೊಟ್ಟರು. ಅದರ ಒಂದು ಬದಿಯಲ್ಲಿ ಇಂಗ್ಲಿಷ್, ಇನ್ನೊಂದು ಬದಿಯಲ್ಲಿ ಮಲಯಾಳ. ಅಕ್ಕ ಓದಿದ್ದು ಕನ್ನಡ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಮಲಯಾಳದಲ್ಲಿ ಮಾತನಾಡಿದರೆ ಅವರಿಗೆ ಅರ್ಥವಾಗುತ್ತದೆ, ಆದರೆ ಲಿಪಿ ಬಾರದು. ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡು, ತುಟಿಯ ಅರ್ಧಭಾಗ ಮರಗಟ್ಟಿ ಕುಳಿತಿದ್ದವರಿಗೆ ಅಲ್ಲಿನ ಸಹಾಯಕಿ ಬಾಯಿಮಾತಿನಲ್ಲಿ ಹೇಳಿದ ಏಳೆಂಟು ಸೂಚನೆಗಳಲ್ಲಿ ಎಷ್ಟು ನೆನಪಿನಲ್ಲಿ ಉಳಿದಾವು? ಮರುದಿನಕ್ಕೆ ಅವರಿಗೆ ನೆನಪಿದ್ದುದು 'ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು' ಎಂಬುದೊಂದೇ. ಯಾವಾಗ, ಹೇಗೆ ಎಂಬುದು ಬಿಟ್ಟುಹೋಗಿತ್ತು.

ಹಲ್ಲು ತೆಗೆಸಿದ ದಿನದ ಸಂಜೆ ಬಾಯಿಗೆ ಬಂದ ಕೆಂಪು ಉಗುಳನ್ನು ಕಂಡು ಗಾಬರಿಯಾದ ಅಕ್ಕ ಜಗಲಿಯಿಂದ ಅಂಗಳಕ್ಕೆ ಐದೈದು ನಿಮಿಷಕ್ಕೊಮ್ಮೆ ಇಳಿದು ಉಗುಳುತ್ತಿದ್ದರು. ರಾತ್ರಿ ಮಲಗುವ ಮೊದಲು ಬಿಸಿ ಉಪ್ಪುನೀರಿನಲ್ಲಿ ಗಂಟಲಿನವರೆಗೂ ಸದ್ದುಬರುವಂತೆ ಮುಕ್ಕಳಿಸಿದರು. ಎರಡನೆಯ ದಿನ ಸಣ್ಣಗೆ ನೋವಿತ್ತು. ಮೂರನೆಯ ದಿನದ ರಾತ್ರಿಯಿಂದ ಕಿವಿಯವರೆಗೂ ಎಳೆಯುವ, ತಲೆಯ ಅರ್ಧಭಾಗವನ್ನೇ ಹಿಡಿದು ಜಗ್ಗುವಂತಹ ನೋವು ಶುರುವಾಯಿತು. ಬಾಯಿಯಲ್ಲಿ ಕೆಟ್ಟ ವಾಸನೆ. ವೈದ್ಯರು ಹಾಳಾಗದ ಹಲ್ಲನ್ನು ಕಿತ್ತಿರಬೇಕು ಎಂದು ಮನೆಯಲ್ಲಿ ಮಾತಾಯಿತು; ನೆರೆಮನೆಯವರು ಲವಂಗದ ಎಣ್ಣೆ ತಂದುಕೊಟ್ಟರು; ಭಾವ ಪೇಟೆಯ ಮೆಡಿಕಲ್ ಶಾಪಿನಿಂದ ಇನ್ನೊಂದು ಬಗೆಯ ನೋವಿನ ಮಾತ್ರೆ ತಂದರು. ಸುದ್ದಿ ತಿಳಿದು ನಾನು ಅಲ್ಲಿಗೆ ಹೋದದ್ದು ಆರನೆಯ ದಿನ. ಕವರಿನೊಳಗೆ ಮಡಚಿಟ್ಟ ಚೀಟಿಯನ್ನು ಬಿಡಿಸಿ ಓದಿದಾಗ ಅದರ ಮೂರನೆಯ ಸಾಲಿನಲ್ಲಿಯೇ, 24 ಗಂಟೆಯವರೆಗೆ ಉಗುಳಬಾರದು, ಮುಕ್ಕಳಿಸಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು. ಆರು ದಿನಗಳ ನರಳಾಟಕ್ಕೆ ಉತ್ತರವು ಆ ಮನೆಯ ಕಪಾಟಿನಲ್ಲೇ ಇತ್ತು, ಆದರೆ ಅದನ್ನು ಓದಬಲ್ಲವರು ಆ ಮನೆಯಲ್ಲಿ ಇರಲಿಲ್ಲ.

ಅಂದೇ ಕರೆದುಕೊಂಡು ಹೋದೆವು. ಅಲ್ಲಿದ್ದ ಯುವ ವೈದ್ಯೆ ನೋಡಿದೊಡನೆಯೇ 'ಡ್ರೈ ಸಾಕೆಟ್' ಎಂದರು. ಗುಳಿಯನ್ನು ಸಲೈನಿನಿಂದ ತೊಳೆದು ಔಷಧಿ ಲೇಪಿಸಿದ ಪಟ್ಟಿಯನ್ನು ಅದರೊಳಗೆ ಇಟ್ಟರು. ಒಂದು ಗಂಟೆಯೊಳಗೆ ಅಕ್ಕನ ಮುಖದಲ್ಲಿ ಬಂದ ಬದಲಾವಣೆಯನ್ನು ನಾನು ಮರೆಯಲಾರೆ. ಈ ಪತ್ರವನ್ನು ಬರೆಯಬೇಕೆಂದು ನನಗೆ ಅನಿಸಿದ್ದು ಆಗಲೇ.

ಹಲ್ಲು ಕಿತ್ತ ಜಾಗದಲ್ಲಿ ಏನು ನಡೆಯುತ್ತದೆ ಎಂಬುದನ್ನು ಜನರಿಗೆ ಒಮ್ಮೆ ತಿಳಿಸಿಕೊಟ್ಟರೆ ಉಳಿದ ಸೂಚನೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ ಎಂಬುದು, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನ ನಂಬಿಕೆ. ಹಲ್ಲು ಹೊರಬಂದ ಮೇಲೆ ದವಡೆಯ ಮೂಳೆಯಲ್ಲಿ ಒಂದು ಗುಳಿ ಉಳಿಯುತ್ತದೆ. ಆ ಗುಳಿ ರಕ್ತದಿಂದ ತುಂಬಿ, ರಕ್ತವು ಹೆಪ್ಪುಗಟ್ಟುತ್ತದೆ. ಮೂಳೆಗೂ ಅದರ ನರದ ತುದಿಗಳಿಗೂ ಆ ಹೆಪ್ಪೇ ಹೊದಿಕೆ. ಹೊಸ ಮಾಂಸ ಮತ್ತು ಹೊಸ ಮೂಳೆ ಬೆಳೆಯುವುದು ಅದನ್ನೇ ಹಿಡಿದುಕೊಂಡು. ಗದ್ದೆಗೆ ಹಾಕಿದ ಬೀಜ ಮೊಳೆಯುವ ಮೊದಲೇ ಮಣ್ಣನ್ನು ಕೊಚ್ಚಿಕೊಂಡು ಹೋಗುವಷ್ಟು ನೀರು ಬಿಟ್ಟರೆ ಏನಾಗುತ್ತದೆಯೋ, ಮೊದಲ ದಿನವೇ ಜೋರಾಗಿ ಮುಕ್ಕಳಿಸಿದರೆ ಈ ಹೆಪ್ಪಿಗೂ ಅದೇ ಆಗುತ್ತದೆ. ಉಗುಳುವಾಗ, ಸ್ಟ್ರಾ ಹಾಕಿ ಕುಡಿಯುವಾಗ, ಬೀಡಿ ಸಿಗರೇಟು ಎಳೆಯುವಾಗ ಬಾಯಿಯೊಳಗೆ ಹೀರುವ ಒತ್ತಡ ಉಂಟಾಗಿ ಹೆಪ್ಪು ಕಿತ್ತುಬರಬಹುದು. ಹೊಗೆಯಂತೂ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನೂ ತಡಮಾಡುತ್ತದೆ. ಹೆಪ್ಪು ಹೋದರೆ ಮೂಳೆ ಬರಿದಾಗಿ ಗಾಳಿಗೆ, ಆಹಾರಕ್ಕೆ, ಉಗುಳಿಗೆ ಒಡ್ಡಿಕೊಳ್ಳುತ್ತದೆ, ಮತ್ತು ಹಲ್ಲು ತೆಗೆದ ಎರಡರಿಂದ ನಾಲ್ಕು ದಿನಗಳಲ್ಲಿ ಅಕ್ಕನಿಗೆ ಬಂದಂತಹ ನೋವು ಬರುತ್ತದೆ. ಡ್ರೈ ಸಾಕೆಟ್ ಎಂದರೆ ಇದೇ. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಇದು ಹೆಚ್ಚು. ಕೆಳಗಿನ ಬುದ್ಧಿಹಲ್ಲನ್ನು ಕೊಯ್ದು ತೆಗೆದಾಗ ಇನ್ನೂ ಹೆಚ್ಚು. ಹೊಗೆ ಸೇದುವವರಲ್ಲಿಯೂ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿಯೂ ಸಾಧ್ಯತೆ ಅಧಿಕ. ಎಲ್ಲ ಎಚ್ಚರಗಳನ್ನು ಪಾಲಿಸಿದವರಿಗೂ ಕೆಲವೊಮ್ಮೆ ಬರುವುದುಂಟು, ಆದ್ದರಿಂದ ರೋಗಿಯನ್ನು ದೂಷಿಸಬೇಕಾಗಿಲ್ಲ. ಹಾಗೆ ಬಂದರೆ ಸಹಿಸಿಕೊಂಡು ಕೂರದೆ ಹಿಂದಿರುಗಿ ಹೋಗಬೇಕು, ಮನೆಯಲ್ಲಿ ಎಷ್ಟು ಮಾತ್ರೆ ನುಂಗಿದರೂ ಆ ಪಟ್ಟಿ ಕೊಡುವ ಉಪಶಮನ ಸಿಗಲಾರದು.

ಮೊದಲ ದಿನ ಮಾಡಬೇಕಾದದ್ದು ಬಹಳ ಸರಳ. ಕೊಟ್ಟ ಹತ್ತಿಯನ್ನು ಅಥವಾ ಗಾಜ್ ಬಟ್ಟೆಯನ್ನು ಮೂವತ್ತರಿಂದ ನಲವತ್ತೈದು ನಿಮಿಷ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು, ನಡುವೆ ತೆಗೆದು ನೋಡಬಾರದು. ಉಗುಳನ್ನು ನುಂಗಬೇಕು. ಉಗುಳಿನೊಂದಿಗೆ ಬೆರೆತ ಸ್ವಲ್ಪ ರಕ್ತವನ್ನು ನುಂಗಿದರೆ ಹಾನಿಯಿಲ್ಲ. ಎರಡು ತೊಟ್ಟು ರಕ್ತ ಒಂದು ಬಾಯಿ ಉಗುಳನ್ನೇ ಕೆಂಪು ಮಾಡುತ್ತದೆ ಎಂಬುದನ್ನು ಅರಿತವರು ಗಾಬರಿಯಾಗುವುದಿಲ್ಲ. ಮನೆಗೆ ಬಂದ ಮೇಲೆ ಮತ್ತೆ ರಕ್ತ ಒಸರಿದರೆ ಶುಭ್ರವಾದ ಬಟ್ಟೆಯನ್ನು ಮಡಚಿ ಒದ್ದೆಮಾಡಿ ಗಾಯದ ಮೇಲೆಯೇ ಇಟ್ಟು ಇನ್ನೊಂದು ಅರ್ಧ ಗಂಟೆ ಕಚ್ಚಬೇಕು. ಅಷ್ಟಕ್ಕೂ ನಿಲ್ಲದೆ ಬಾಯಿ ತುಂಬಿ ಬರುತ್ತಿದ್ದರೆ ಮಾತ್ರ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಮರಗಟ್ಟುವ ಇಂಜೆಕ್ಷನಿನ ಪರಿಣಾಮ ಎರಡು ಮೂರು ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹೊತ್ತು ಇರುತ್ತದೆ. ಅಷ್ಟರೊಳಗೆ ಬಿಸಿ ಚಹಾ ಕುಡಿದು ನಾಲಗೆ ಸುಟ್ಟುಕೊಂಡವರನ್ನೂ, ಗೊತ್ತಿಲ್ಲದೆ ತುಟಿಯನ್ನು ಕಚ್ಚಿ ಹುಣ್ಣು ಮಾಡಿಕೊಂಡ ಮಕ್ಕಳನ್ನೂ ನಾನು ಕಂಡಿದ್ದೇನೆ. ಕೆನ್ನೆಯ ಹೊರಗಿನಿಂದ ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡುವುದು, ಅಷ್ಟೇ ಹೊತ್ತು ಬಿಡುವುದು, ಹೀಗೆ ಮೊದಲ ದಿನ ಮಾತ್ರ. ರಾತ್ರಿ ಎರಡು ದಿಂಬು ಇಟ್ಟು ತಲೆ ಎತ್ತರದಲ್ಲಿರುವಂತೆ ಮಲಗಬೇಕು.

ಊತದ ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಬುದ್ಧಿಹಲ್ಲನ್ನು ಕೊಯ್ದು ತೆಗೆದ ಮೇಲೆ ಕೆನ್ನೆಯ ಊತ ಮರುದಿನ ಕಡಿಮೆಯಾಗುವುದಿಲ್ಲ, ಏರುತ್ತದೆ. ಎರಡನೆಯ ಮೂರನೆಯ ದಿನಕ್ಕೆ ಅದು ಗರಿಷ್ಠ ಮಟ್ಟಕ್ಕೆ ತಲುಪಿ ಅನಂತರ ಇಳಿಯತೊಡಗುತ್ತದೆ. ಬಾಯಿ ಪೂರ್ತಿ ತೆರೆಯಲಾಗದೆ ಬಿಗಿದುಕೊಳ್ಳುವುದೂ ಒಂದು ವಾರದ ಮಟ್ಟಿಗೆ ಸಹಜ. ಇದನ್ನು ತಿಳಿಯದವರು ಎರಡನೆಯ ದಿನ ಕನ್ನಡಿ ನೋಡಿ ನಂಜಾಯಿತೆಂದು ಹೆದರಿ, ಕೆನ್ನೆಗೆ ಬಿಸಿ ಶಾಖ ಕೊಡುವುದೋ ಯಾವುದೋ ಎಲೆಯ ಲೇಪ ಹಚ್ಚುವುದೋ ಮಾಡುತ್ತಾರೆ. ನಂಜು ಬೇರೆಯೇ ಇದೆ. ಮೂರು ದಿನಗಳ ಬಳಿಕವೂ ಊತ ಏರುತ್ತಲೇ ಇದ್ದರೆ, ಜ್ವರ ಬಂದರೆ, ಕೀವು ಕಂಡರೆ ಅದು ನಂಜಿನ ಲಕ್ಷಣ. ಬಾವು ಗಲ್ಲದ ಅಡಿಗೆ ಇಳಿದು ಕುತ್ತಿಗೆ ಗಟ್ಟಿಯಾಗಿ, ನಾಲಗೆ ಮೇಲೆದ್ದು, ಉಗುಳು ನುಂಗಲು ಕಷ್ಟವಾದರೆ ಅಥವಾ ಉಸಿರು ಕಟ್ಟಿದಂತಾದರೆ ಒಂದು ಕ್ಷಣವೂ ತಡಮಾಡಬಾರದು. ಲುಡ್ವಿಗ್ಸ್ ಆಂಜೈನಾ ಎಂದು ವೈದ್ಯರು ಕರೆಯುವ ಈ ಸ್ಥಿತಿ ಉಸಿರಿನ ದಾರಿಯನ್ನೇ ಮುಚ್ಚಿ ಜೀವ ತೆಗೆಯಬಲ್ಲದು, ಮತ್ತು ಅದು ಬಹಳ ಸಲ ಆರಂಭವಾಗುವುದು ಚಿಕಿತ್ಸೆ ಮಾಡಿಸದೆ ಬಿಟ್ಟ ಒಂದು ಕೆಳದವಡೆಯ ಹುಳುಕು ಹಲ್ಲಿನಿಂದ. ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲ ಎಂಬ ಮಾತು ನಮ್ಮಲ್ಲಿದೆ. ಅದು ಸುಳ್ಳು.

ಇನ್ನು ಆಹಾರ. ಇಲ್ಲಿನ ಅಡುಗೆಮನೆಯನ್ನು ಬಲ್ಲವರು ಬರೆದ ಸೂಚನೆಗೂ, ಎಲ್ಲಿಂದಲೋ ಎತ್ತಿ ತಂದು ಅಚ್ಚುಹಾಕಿಸಿದ ಸೂಚನೆಗೂ ಇರುವ ವ್ಯತ್ಯಾಸ ಈ ಭಾಗದಲ್ಲಿ ಎದ್ದು ಕಾಣುತ್ತದೆ. ಅಕ್ಕನ ಚೀಟಿಯಲ್ಲಿ ಸೂಪು, ಪುಡ್ಡಿಂಗ್, ಐಸ್‌ಕ್ರೀಮ್ ಎಂದಿತ್ತು. ನಮ್ಮ ಮನೆಗಳಲ್ಲಿ ಹುಷಾರಿಲ್ಲದವರಿಗೆ ಮಾಡುವುದು ಕುಚ್ಚಲಕ್ಕಿ ಗಂಜಿ. ಅದನ್ನು ಚೆನ್ನಾಗಿ ಬೇಯಿಸಿ, ಹಿಚುಕಿ, ಉಗುರುಬೆಚ್ಚಗೆ ಆರಿಸಿ ಕೊಟ್ಟರೆ ಅದಕ್ಕಿಂತ ಒಳ್ಳೆಯ ಪಥ್ಯವಿಲ್ಲ. ಆದರೆ ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡ. ರಾಗಿ ಮಣ್ಣಿ, ಮಜ್ಜಿಗೆ, ಬಾಳೆಹಣ್ಣು, ಮೆತ್ತಗೆ ಬೇಯಿಸಿ ಹಿಚುಕಿದ ಮೊಟ್ಟೆ, ಎರಡನೆಯ ದಿನದಿಂದ ಮೆತ್ತನೆಯ ಇಡ್ಲಿ, ಇವೆಲ್ಲ ಆಗುತ್ತವೆ. ಎಳ್ಳು, ಸಾಸಿವೆ ಒಗ್ಗರಣೆ, ಅವಲಕ್ಕಿಯಂತಹ ಸಣ್ಣ ಕಾಳು ಚೂರುಗಳು ಗುಳಿಯೊಳಗೆ ಸಿಲುಕುತ್ತವೆ. ಒಂದು ವಿಷಯವನ್ನು ವಿಶೇಷವಾಗಿ ಹೇಳಬೇಕು: ರೋಗಿಯನ್ನು ನೋಡಲು ಬರುವವರು ಬೊಂಡ, ಎಂದರೆ ಎಳನೀರು, ತರುವುದು ನಮ್ಮಲ್ಲಿ ವಾಡಿಕೆ. ಬೊಂಡ ಒಳ್ಳೆಯದೇ, ಆದರೆ ಸ್ಟ್ರಾ ಹಾಕಿ ಹೀರದೆ ಲೋಟಕ್ಕೆ ಸುರಿದು ಕುಡಿಯಲಿ. ಸಕ್ಕರೆ ಕಾಯಿಲೆಯವರು ಹಲ್ಲು ತೆಗೆಸಿದ ನೆಪದಲ್ಲಿ ಊಟ ಬಿಡುವುದು, ಊಟ ಬಿಟ್ಟೂ ಇನ್ಸುಲಿನ್ ಚುಚ್ಚಿಕೊಳ್ಳುವುದು, ಎರಡೂ ಅಪಾಯ. ಏಕಾದಶಿಯ ಉಪವಾಸವಿರಲಿ, ರಂಜಾನಿನ ಉಪವಾಸವಿರಲಿ, ಆ ದಿನಗಳ ಲೆಕ್ಕ ನೋಡಿಕೊಂಡು ಹಲ್ಲು ತೆಗೆಸುವ ದಿನವನ್ನು ಗೊತ್ತುಮಾಡಿಕೊಳ್ಳಬಹುದು; ಉಪವಾಸವಿದೆಯೇ ಎಂದು ವೈದ್ಯರೇ ಕೇಳಿದರೆ ರೋಗಿ ಸಂಕೋಚವಿಲ್ಲದೆ ಹೇಳುತ್ತಾನೆ.

24 ಗಂಟೆ ಕಳೆದ ಮೇಲೆ ಉಪ್ಪುನೀರಿನ ಸರದಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಿಯಲ್ಲಿ ತುಂಬಿಕೊಂಡು, ತಲೆಯನ್ನು ಮೆಲ್ಲನೆ ಆ ಬದಿ ಈ ಬದಿ ವಾಲಿಸಿ, ಉಗುಳದೆ ಬಾಯಿ ತೆರೆದು ನೀರು ತಾನಾಗಿ ಬೀಳುವಂತೆ ಬಿಡಬೇಕು. ಉಂಡ ಮೇಲೆಲ್ಲ ಹೀಗೆ ಒಂದು ವಾರ ಮಾಡಿದರೆ ಸಾಕು. ಉಳಿದ ಹಲ್ಲುಗಳನ್ನು ಉಜ್ಜುವುದನ್ನು ನಿಲ್ಲಿಸಬಾರದು, ಗಾಯದ ಬಳಿ ಬ್ರಷ್ ತಾಗದಿದ್ದರಾಯಿತು. ಒಸಡು ಮುಚ್ಚಿಕೊಳ್ಳಲು ಎರಡು ಮೂರು ವಾರ ಹಿಡಿಯುತ್ತದೆ. ಒಳಗೆ ಮೂಳೆ ತುಂಬಲು ಹಲವು ತಿಂಗಳುಗಳೇ ಬೇಕು. ನೋವು ಹೋಯಿತೆಂದು ಮೂರನೆಯ ದಿನವೇ ಅಡಿಕೆ ಮರ ಹತ್ತುವುದು, ಗೊಬ್ಬರದ ಬುಟ್ಟಿ ಹೊರುವುದು, ಹಟ್ಟಿಯಲ್ಲಿ ಬಗ್ಗಿ ಕೆಲಸ ಮಾಡುವುದು ರಕ್ತದ ಒತ್ತಡವನ್ನು ಏರಿಸಿ ಗಾಯವನ್ನು ಮತ್ತೆ ಒಸರಿಸಬಹುದು.

ಶಸ್ತ್ರಕ್ರಿಯೆಗೆ ಮೊದಲು ರೋಗಿ ಹೇಳಬೇಕಾದ ಸಂಗತಿಗಳೂ ಇಷ್ಟೇ ಮುಖ್ಯ. ನಮ್ಮ ಹಿರಿಯರಲ್ಲಿ ಬಹುಪಾಲು ಜನರು ತಾವು ನುಂಗುವ ಮಾತ್ರೆಗಳನ್ನು ಬಣ್ಣದಿಂದ ಗುರುತಿಸುತ್ತಾರೆಯೇ ಹೊರತು ಹೆಸರಿನಿಂದಲ್ಲ. ನನ್ನ ಭಾವನಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಪುಟ್ಟ ಕೊಳವೆ, ಇದೆ. ಹಲ್ಲು ತೆಗೆಸುವ ಮೊದಲು ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಕೆಂದು ಯಾರೋ ಹೇಳಿದ್ದನ್ನು ಕೇಳಿ, ಎರಡು ವರ್ಷಗಳ ಹಿಂದೆ ಅವರು ತಾವಾಗಿಯೇ ಒಂದು ವಾರ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಎರಡನ್ನೂ ಬಿಟ್ಟರು. ಅದೃಷ್ಟವಶಾತ್ ಏನೂ ಆಗಲಿಲ್ಲ. ವಿಷಯ ತಿಳಿದ ಹೃದ್ರೋಗ ತಜ್ಞರು ಗದರಿ ಹೇಳಿದ ಮಾತು ಇದು: ಹಲ್ಲಿನ ಗಾಯದಿಂದ ರಕ್ತ ಒಸರಿದರೆ ಹೊಲಿಗೆ ಹಾಕಿ, ಒತ್ತಿ ಹಿಡಿದು ನಿಲ್ಲಿಸಬಹುದು, ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಾಗೆ ನಿಲ್ಲಿಸಲಾಗದು. ಮಾತ್ರೆಯನ್ನು ನಿಲ್ಲಿಸಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಬೇಕಾದವರು ಆ ಮಾತ್ರೆ ಬರೆದುಕೊಟ್ಟ ವೈದ್ಯರು ಮತ್ತು ಹಲ್ಲಿನ ವೈದ್ಯರು ಸೇರಿ. ಎಲುಬು ಸವೆತಕ್ಕೆ ವಾರಕ್ಕೊಮ್ಮೆ ಮಾತ್ರೆ ನುಂಗುವ ಅಥವಾ ವರ್ಷಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವ ಹೆಂಗಸರು, ಕ್ಯಾನ್ಸರಿಗಾಗಿ ಮುಖ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರು ಅದನ್ನು ಹಲ್ಲಿನ ವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಇಂತಹವರಲ್ಲಿ ಹಲ್ಲು ಕಿತ್ತ ಬಳಿಕ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಹೃದಯದ ಕವಾಟ ಬದಲಾಯಿಸಿಕೊಂಡವರಿಗೆ ಹಲ್ಲು ತೆಗೆಯುವ ಮೊದಲೇ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಅತಿ ಸುಲಭದ ಉಪಾಯವೆಂದರೆ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯುವುದು.

ನೋವಿನ ಮಾತ್ರೆಗಳ ಬಗ್ಗೆ ಒಂದು ಮಾತು. ಹೆಸರು ಬೇರೆಯಾದರೂ ಒಳಗಿನ ಔಷಧಿ ಒಂದೇ ಇರಬಹುದು. ಅಕ್ಕ ಮೂರು ದಿನ ನುಂಗಿದ ಎರಡು ಬಗೆಯ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಇತ್ತೆಂದು ಅನಂತರ ತಿಳಿಯಿತು. ಮಿತಿ ಮೀರಿದರೆ ಅದು ಯಕೃತ್ತಿಗೆ ಹಾನಿಕರ; ಬೇರೆ ಬಗೆಯ ನೋವಿನ ಮಾತ್ರೆಗಳು ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಅಸ್ತಮಾ ಇರುವವರಿಗೆ ಹಾನಿಕರ. ಆಂಟಿಬಯೋಟಿಕ್ ಎಲ್ಲರಿಗೂ ಬೇಕಾಗುವುದಿಲ್ಲ, ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು. ನೋಯುವ ಹಲ್ಲಿನ ಬುಡದಲ್ಲಿ ಆಸ್ಪಿರಿನ್ ಮಾತ್ರೆಯನ್ನು ಪುಡಿಮಾಡಿ ಇಡುವ ಅಭ್ಯಾಸ ಈಗಲೂ ಇದೆ. ಅದು ಒಸಡನ್ನು ಸುಡುತ್ತದೆ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಭಯವನ್ನೂ ಇಲ್ಲಿಯೇ ಪ್ರಸ್ತಾಪಿಸಬೇಕು, ಏಕೆಂದರೆ ಈ ಭಯದಿಂದಲೇ ವರ್ಷಗಟ್ಟಲೆ ಕೀವು ತುಂಬಿದ ಹಲ್ಲುಗಳನ್ನು ಇಟ್ಟುಕೊಂಡವರು ನಮ್ಮ ನಡುವೆ ಇದ್ದಾರೆ. ಹಲ್ಲಿಗೆ ಸಂವೇದನೆ ಕೊಡುವ ನರವೇ ಬೇರೆ, ದೃಷ್ಟಿಯ ನರವೇ ಬೇರೆ. ಹಲ್ಲು ತೆಗೆಯುವುದರಿಂದ ದೃಷ್ಟಿಗೆ ಯಾವ ಕುಂದೂ ಇಲ್ಲ. ಹೌದಾದ ಅಪಾಯವನ್ನು ಮುಚ್ಚಿಡುವುದೂ ಬೇಡ: ಕೆಳಗಿನ ಬುದ್ಧಿಹಲ್ಲಿನ ಬೇರಿನ ಬಳಿಯಲ್ಲಿಯೇ ತುಟಿ, ಗಲ್ಲ ಮತ್ತು ನಾಲಗೆಗಳ ಸ್ಪರ್ಶದ ನರಗಳು ಹಾದುಹೋಗುವುದರಿಂದ ಕೆಲವರಿಗೆ ಶಸ್ತ್ರಕ್ರಿಯೆಯ ಬಳಿಕ ಅಲ್ಲಿ ಮರಗಟ್ಟಿದ ಭಾವ ಉಳಿಯಬಹುದು. ಹೆಚ್ಚಿನವರಲ್ಲಿ ಅದು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತದೆ, ಅಪರೂಪಕ್ಕೆ ಕೆಲವರಲ್ಲಿ ಉಳಿದುಬಿಡುತ್ತದೆ. ಎಕ್ಸ್‌ರೇ ತೋರಿಸಿ ಇದನ್ನು ಮೊದಲೇ ಹೇಳಿದ ವೈದ್ಯರ ಮೇಲೆ ರೋಗಿಗೆ ವಿಶ್ವಾಸ ಹೆಚ್ಚುತ್ತದೆ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ತೀರ್ಪಿನಲ್ಲಿ, ಚಿಕಿತ್ಸೆ ಯಾವ ಬಗೆಯದು, ಅದರಿಂದ ಏನು ಪ್ರಯೋಜನ, ಬೇರೆ ದಾರಿ ಇದೆಯೇ, ಮುಖ್ಯವಾದ ಅಪಾಯಗಳೇನು, ಬೇಡವೆಂದರೆ ಏನಾಗಬಹುದು ಎಂಬುದನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಹೇಳಿದೆ. ಓದಲಾರದ ಲಿಪಿಯಲ್ಲಿರುವ ಕಾಗದದ ಕೆಳಗೆ ಹಾಕಿಸಿಕೊಂಡ ಸಹಿಯನ್ನು ತಿಳಿದು ಕೊಟ್ಟ ಒಪ್ಪಿಗೆ ಎಂದು ನಾನು ಹೇಗೆ ಒಪ್ಪಲಿ?

ಅಡಿಕೆಯ ವಿಷಯವನ್ನು ಬರೆಯಲು ನನಗೆ ಸಂಕಟವಾಗುತ್ತದೆ. ನಮ್ಮ ತೋಟದ ಅಡಿಕೆಯಿಂದಲೇ ನಾನು ಓದಿದ್ದು, ನನ್ನ ಮಕ್ಕಳು ಓದಿದ್ದು. ಆದರೂ ಬಾಯಿಯ ಶಸ್ತ್ರಕ್ರಿಯೆಯ ಮಾತು ಬಂದಾಗ ಅದನ್ನು ಬಿಟ್ಟು ಬರೆದರೆ ಅಪ್ರಾಮಾಣಿಕತೆಯಾದೀತು. ಹಲ್ಲು ತೆಗೆಸಿದ ಮರುದಿನವೇ ಎಲೆಯಡಿಕೆ ಹಾಕಿಕೊಳ್ಳುವವರಿದ್ದಾರೆ. ಸುಣ್ಣ, ಅಡಿಕೆಯ ಚೂರು, ಹೊಗೆಸೊಪ್ಪು ಹಸಿಗಾಯಕ್ಕೆ ಬಿದ್ದರೆ ಅದು ಮಾಯುವುದಾದರೂ ಹೇಗೆ? ವರ್ಷಗಟ್ಟಲೆ ಜಗಿದವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯಲಾಗದೆ ಹೋಗುವುದನ್ನು ಇಲ್ಲಿನ ದಂತ ವೈದ್ಯರೆಲ್ಲ ಬಲ್ಲರು. ತಮ್ಮ ಮೂರು ಬೆರಳುಗಳು ಒಂದರ ಮೇಲೊಂದಾಗಿ ಬಾಯಿಯೊಳಗೆ ಹೋಗದಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರಿಸದ ಎಲೆಯಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ನಮ್ಮ ಬೆಳೆಗಾರರಲ್ಲಿ ಇದರ ಬಗ್ಗೆ ಅಸಮಾಧಾನವಿದೆ, ಮಾರುಕಟ್ಟೆಯ ಭಯವೂ ಇದೆ. ಆ ಚರ್ಚೆ ಏನೇ ಇರಲಿ, ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣನ್ನೂ, ಬಿಳಿ ಅಥವಾ ಕೆಂಪು ಮಚ್ಚೆಯನ್ನೂ ತೋರಿಸದೆ ಇರುವುದಕ್ಕೆ ಅದು ಕಾರಣವಾಗಬಾರದು. ಹುಣ್ಣಿನಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿ ವಾಪಸು ಬಂದವರೊಬ್ಬರು ನನ್ನ ಪರಿಚಯದಲ್ಲಿಯೇ ಇದ್ದರು. ಆರು ತಿಂಗಳ ಬಳಿಕ ಅವರಿಗೆ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು.

ಈಗ ಭಾಷೆಯ ಮಾತಿಗೆ ಬರುತ್ತೇನೆ, ಏಕೆಂದರೆ ನನ್ನ ಬೇಡಿಕೆ ಇರುವುದು ಅಲ್ಲಿಯೇ. ಚಂದ್ರಗಿರಿ ಹೊಳೆಯಿಂದ ಬಡಗಣ ತಲಪಾಡಿಯವರೆಗಿನ ನಮ್ಮ ನಾಡಿನಲ್ಲಿ ಮನೆಮಾತು ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಎಂದು ಹಲವಾಗಿದ್ದರೂ, ಹಿರಿಯ ತಲೆಮಾರಿನ ಬಹಳಷ್ಟು ಮಂದಿಗೆ ಓದಲು ಬರುವ ಅಕ್ಷರ ಕನ್ನಡದ್ದು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದೆಂದು ಒಪ್ಪಿಕೊಂಡಿದೆ. ಕಂದಾಯ ಕಚೇರಿಯ ಅರ್ಜಿ ಕನ್ನಡದಲ್ಲಿ ಇರಬೇಕೆಂದು ನಾವು ಹೋರಾಡಿದ್ದೇವೆ, ಹೋರಾಡುತ್ತಲೂ ಇದ್ದೇವೆ. ಆದರೆ ಅರ್ಜಿ ಅರ್ಥವಾಗದಿದ್ದರೆ ಇನ್ನೊಂದು ದಿನ ಹೋಗಿ ಕೇಳಬಹುದು. ರಾತ್ರಿ ಹನ್ನೊಂದು ಗಂಟೆಗೆ ಬಾಯಿಯಲ್ಲಿ ರಕ್ತ ತುಂಬಿದಾಗ ಅರ್ಥವಾಗದ ಚೀಟಿಯನ್ನು ಹಿಡಿದುಕೊಂಡು ಯಾರನ್ನು ಕೇಳುವುದು? ಗಂಭೀರ ಚಿಕಿತ್ಸೆಗೆ ನಾವು ಮಂಗಳೂರಿಗೆ ಹೋಗುವವರು, ಮತ್ತು 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿಯೂ ಎಷ್ಟು ಬೇಗ ಕಟ್ಟಿಹೋಗಬಹುದೆಂಬುದನ್ನು ಕಂಡವರು. ಮಂಗಳೂರಿನಲ್ಲಿಯೂ ಬಾಯಿಮಾತು ಕನ್ನಡ ತುಳುಗಳಲ್ಲಿ ನಡೆಯುತ್ತದೆಯಾದರೂ ಕೈಗೆ ಬರುವ ಚೀಟಿ, ನಾನು ಕಂಡ ಮಟ್ಟಿಗೆ, ಇಂಗ್ಲಿಷಿನದ್ದೇ.

ಆದ್ದರಿಂದ ನಮ್ಮ ಜಿಲ್ಲೆಯ ದಂತ ವೈದ್ಯರಲ್ಲಿಯೂ, ಸರಕಾರಿ ಆಸ್ಪತ್ರೆಗಳ ದಂತ ವಿಭಾಗಗಳಲ್ಲಿಯೂ, ಗಡಿಯಾಚೆಗಿನ ದಂತ ವೈದ್ಯಕೀಯ ಕಾಲೇಜುಗಳಲ್ಲಿಯೂ ನನ್ನ ವಿನಂತಿ ಇದು. ಹಲ್ಲು ತೆಗೆಸಿದ ಬಳಿಕ ಪಾಲಿಸಬೇಕಾದದ್ದನ್ನು ದೊಡ್ಡ ಅಕ್ಷರಗಳಲ್ಲಿ, ಮೊದಲ ದಿನ, ಎರಡನೆಯ ದಿನ, ಮೊದಲ ವಾರ ಎಂದು ಬಿಡಿಸಿ, ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ. ಅದರ ಕೆಳಗೆ ರಾತ್ರಿ ಕರೆದರೆ ಎತ್ತುವಂತಹ ಒಂದು ದೂರವಾಣಿ ಸಂಖ್ಯೆ ಇರಲಿ. ಹಾಳೆಯನ್ನು ಹೊರಡುವಾಗ ಕೊಡಬೇಡಿ; ಮರಗಟ್ಟುವ ಇಂಜೆಕ್ಷನ್ ಕೊಡುವ ಮೊದಲು, ದಿನ ಗೊತ್ತುಮಾಡುವಾಗಲೇ ಕೊಡಿ, ಮತ್ತು ರೋಗಿಯ ಜೊತೆಗೆ ಬಂದವರಿಗೂ, ಮನೆಯಲ್ಲಿ ಗಂಜಿ ಬೇಯಿಸುವವರಿಗೂ ಓದಿ ಹೇಳಿ. ಬಳಿಕ, ಮನೆಗೆ ಹೋಗಿ ಏನು ಮಾಡುತ್ತೀರಿ ಎಂದು ಅವರಿಂದಲೇ ಒಮ್ಮೆ ಹೇಳಿಸಿ. ತರಗತಿಯಲ್ಲಿ ಅರ್ಥವಾಯಿತೇ ಎಂದು ಕೇಳಿದರೆ ಮಕ್ಕಳೆಲ್ಲ ತಲೆಯಾಡಿಸುತ್ತಾರೆ, ನೀನು ಹೇಳು ಎಂದಾಗ ಮಾತ್ರ ಎಷ್ಟು ತಲುಪಿದೆಯೆಂದು ತಿಳಿಯುತ್ತದೆ. ರೋಗಿಗಳ ವಿಷಯವೂ ಅದೇ. ಓದು ಬಾರದವರಿಗಾಗಿ ಇದೇ ವಿಷಯವನ್ನು ತುಳು ಮತ್ತು ಬ್ಯಾರಿಯಲ್ಲಿ ಎರಡು ನಿಮಿಷ ಮಾತನಾಡಿ ಮೊಬೈಲಿಗೆ ಕಳಿಸಿದರೂ ಸಾಕು. ಮರುದಿನ ಚಿಕಿತ್ಸಾಲಯದಿಂದ ಒಂದು ಫೋನ್ ಬಂದಿದ್ದರೆ ನನ್ನ ಅಕ್ಕ ಆರು ದಿನ ಕಾಯುತ್ತಿರಲಿಲ್ಲ.

ವಾರ್ಡುಗಳ ಕುಟುಂಬಶ್ರೀ ಮಹಿಳಾ ಸಂಘಗಳ ಸಭೆಗಳಲ್ಲಿ, ಆಶಾ ಕಾರ್ಯಕರ್ತೆಯರ ಭೇಟಿಗಳಲ್ಲಿ, ನಮ್ಮ ಕನ್ನಡ ವಾಚನಾಲಯಗಳಲ್ಲಿ ಇದನ್ನು ಓದಿ ಹೇಳಲು ಹೆಚ್ಚಿನ ಖರ್ಚು ಬೇಕಾಗಿಲ್ಲ. ಅಕ್ಕನಿಗೆ ಸಿಕ್ಕಿದ ಚೀಟಿಯನ್ನು ನಾನು ಕನ್ನಡಕ್ಕೆ ತಂದು, ಗಂಜಿಯನ್ನೂ ಬೊಂಡವನ್ನೂ ಸೇರಿಸಿ, ಅಂದು ಔಷಧಿ ಪಟ್ಟಿ ಇಟ್ಟ ಅದೇ ಯುವ ವೈದ್ಯೆಗೆ ತೋರಿಸಿದೆ. ಅವರು ಎರಡು ಕಡೆ ತಿದ್ದಿ, ಐಸಿನ ಸಾಲನ್ನು ಮೇಲಕ್ಕೆ ತಂದು, ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಲು ಐವತ್ತು ಪ್ರತಿಗಳನ್ನು ಕೇಳಿದರು. ಕಳೆದ ವಾರ ನೆರಳಚ್ಚು ಮಾಡಿಸಿ ಕೊಟ್ಟು ಬಂದಿದ್ದೇನೆ. ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಅದನ್ನು, ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವಂತೆ ಚೌಕಟ್ಟು ಹಾಕಿ ಒಮ್ಮೆ ಪ್ರಕಟಿಸಲು ಸಾಧ್ಯವಾದರೆ, ತಿದ್ದಿದ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ,
ಕಾಸರಗೋಡು ತಾಲೂಕು